ಕಳೆದುಹೋದ ಗೆಳತಿಯರನ್ನು ಹುಡುಕೋಣ

(ತುಮಕೂರಿನ ಸದಾಶಿವನಗರದಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)

ನಿಮ್ಮ ಸಂಘದ ಸಭೆಗಳಲ್ಲಿ ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ನಡೆಯುತ್ತದೆ. ಇವತ್ತು ನಾನು ಬೇರೊಂದು ಲೆಕ್ಕ ಕೇಳುತ್ತೇನೆ. ಮದುವೆಗೆ ಮೊದಲು ನಿಮಗೆ ಎಷ್ಟು ಜನ ಗೆಳತಿಯರಿದ್ದರು? ಈಗ ಅವರಲ್ಲಿ ಎಷ್ಟು ಜನರ ಸುದ್ದಿ ನಿಮಗೆ ಗೊತ್ತು?

ಗಂಡಸಿನ ಸ್ನೇಹ ಮದುವೆಯಾದ ಮೇಲೂ ಉಳಿಯುತ್ತದೆ. ಹೆಣ್ಣಿನ ಸ್ನೇಹ ಮಾತ್ರ ತಾಳಿ ಕಟ್ಟಿದ ದಿನವೇ ಮುಗಿಯಬೇಕು ಎಂಬಂತೆ ಎಲ್ಲರೂ ನಡೆದುಕೊಳ್ಳುತ್ತಾರೆ. ನಾವೂ ಅದನ್ನು ಸಹಜ ಎಂದೇ ತಿಳಿದುಕೊಂಡಿದ್ದೇವೆ. ಅದು ಸಹಜವಲ್ಲ ಎಂದು ನನಗೆ ಅರ್ಥವಾಗಲು ಐವತ್ತು ವರ್ಷ ದಾಟಬೇಕಾಯಿತು.

ನಾವು ಮೂವರು ಇದೇ ತುಮಕೂರಿನಲ್ಲಿ 1984ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಒಂದೇ ಬೆಂಚು, ಒಂದೇ ಬುತ್ತಿ. ಒಬ್ಬಳನ್ನು ಗುಬ್ಬಿ ಕಡೆಗೆ ಕೊಟ್ಟರು, ಇನ್ನೊಬ್ಬಳನ್ನು ಕುಣಿಗಲ್ ಕಡೆಗೆ. ನಾನು ಇಲ್ಲೇ ಉಳಿದೆ. ಮೊದಮೊದಲು ಇನ್‌ಲ್ಯಾಂಡ್ ಕಾಗದಗಳು ಬರುತ್ತಿದ್ದವು. 1991ರಲ್ಲಿ ಗುಬ್ಬಿಯವಳಿಂದ ಎರಡೇ ಸಾಲಿನ ಕಾಗದ ಬಂತು: "ಇನ್ನು ಮೇಲೆ ನನಗೆ ಬರೆಯಬೇಡ. ಸಂಸಾರದಲ್ಲಿ ಪುರುಸೊತ್ತಿಲ್ಲ." ತೋಟ, ತೆಂಗು ಇರುವ ಮನೆ ಸೇರಿದ್ದಾಳೆ, ಜಂಬ ಬಂದಿದೆ ಎಂದುಕೊಂಡೆ. ನನಗೂ ಸಿಟ್ಟು ಬಂತು. ಸುಮ್ಮನಾದೆ. ಕುಣಿಗಲ್ಲಿನವಳ ಕಾಗದ ಯಾವಾಗ ನಿಂತಿತು ಎನ್ನುವುದು ನೆನಪೂ ಇಲ್ಲ.

2019ರಲ್ಲಿ ನಮ್ಮ ತರಗತಿಯವಳೊಬ್ಬಳು ನಮ್ಮನ್ನೆಲ್ಲ ಹುಡುಕಿ ವಾಟ್ಸಾಪ್ ಗುಂಪು ಮಾಡಿದಳು. ಕೆಲವರು ಫೇಸ್‌ಬುಕ್‌ನಲ್ಲಿ ಸಿಕ್ಕರು, ಕೆಲವರು ತಂಗಿ, ನಾದಿನಿಯರ ಮೂಲಕ ಸಿಕ್ಕರು. ಒಬ್ಬಳು ಶಾಲೆಯ ಹಳೆಯ ಫೋಟೋ ಹಾಕಿದಳು. ಎಲ್ಲರೂ ತಮ್ಮ ತಮ್ಮ ಮುಖ ಹುಡುಕಿ ನಕ್ಕಿದ್ದೇ ನಕ್ಕಿದ್ದು. "ಎರಡನೇ ಸಾಲಿನಲ್ಲಿ ಎರಡು ಜಡೆ ಹಾಕಿರೋಳು ಈಗ ಎಲ್ಲಿದ್ದಾಳೆ?" ಎಂದು ನಾನು ಕೇಳಿದೆ. ಅವಳೇ ಕುಣಿಗಲ್ಲಿನವಳು. ಆ ಕಡೆಯವಳೊಬ್ಬಳು ಬರೆದಳು: "ನಿಂಗೆ ಗೊತ್ತಿಲ್ವೇನೇ? ಅವಳು 1993ರಲ್ಲೇ ಹೋದಳು. ಸ್ಟವ್ ಸಿಡಿಯಿತು ಅಂದರು."

ಮದುವೆಯಾಗಿ ಮೂರು ವರ್ಷ ಆಗಿತ್ತು. "ಸ್ಟವ್ ಸಿಡಿಯಿತು" ಎಂಬ ಮಾತಿನ ಹಿಂದೆ ಆ ಕಾಲದಲ್ಲಿ ಎಷ್ಟೋ ಸಲ ಏನಿರುತ್ತಿತ್ತು ಎಂದು ಈ ಪತ್ರಿಕೆ ಓದುವ ನಿಮಗೆ ನಾನು ಹೇಳಬೇಕಾಗಿಲ್ಲ. ಅವಳ ಮನೆಯಲ್ಲಿ ನಡೆದದ್ದೇನು ಎಂದು ನನಗೆ ತಿಳಿಯದು. ತಿಳಿಯಲು ಯಾರೂ ಉಳಿದಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಂ 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ ಕಲಂ 1986ರಲ್ಲಿ ಬಂದಿದ್ದವು. ಕಾನೂನು ಇತ್ತು. "ಏನಾಯಿತೇ?" ಎಂದು ಕೇಳುವ ಗೆಳತಿ ಇರಲಿಲ್ಲ. ಸುದ್ದಿ ನನಗೆ ತಲುಪಲು 26 ವರ್ಷ ಬೇಕಾಯಿತು.

ಗುಬ್ಬಿಯವಳೂ ಆ ಗುಂಪಿನಲ್ಲಿದ್ದಳು. ದಿನಾ ಬೆಳಿಗ್ಗೆ ಒಂದು ಹೂವಿನ ಚಿತ್ರ ಹಾಕುತ್ತಿದ್ದಳು, ಅಷ್ಟೇ. ಅವತ್ತು ರಾತ್ರಿ ನಾನು ಅವಳಿಗೆ ಮಾತ್ರ ಬರೆದೆ: "ಊಟ ಆಯ್ತಾ ಅಂತ ಕೇಳ್ತಿಲ್ಲ ಕಣೇ. ನೀನು ನಿಜವಾಗಿ ಹೆಂಗಿದ್ದೀಯ?" ಮೂರು ದಿನ ಉತ್ತರವಿಲ್ಲ. ನಾಲ್ಕನೇ ದಿನ ಹಿತ್ತಿಲಿನಿಂದ ಪಿಸುಮಾತಿನಲ್ಲಿ ಹೇಳಿ ಕಳಿಸಿದಳು. ಮೋಟಾರ್ ಸೈಕಲ್ ತರಲಿಲ್ಲವೆಂದು ಶುರುವಾದ ಹೊಡೆತ ಮಕ್ಕಳ ಮದುವೆಯಾದರೂ ನಿಂತಿರಲಿಲ್ಲ. 1991ರ ಆ ಎರಡು ಸಾಲನ್ನು ಗಂಡ ಎದುರಿಗೆ ಕೂತು ಬರೆಸಿದ್ದನಂತೆ. "ನೀನು ಅದನ್ನ ನಂಬಲ್ಲ ಅಂದ್ಕೊಂಡಿದ್ದೆ ಕಣೇ" ಎಂದಳು.

ಸಹೋದರಿಯರೇ, ನಾನು ನಂಬಿದ್ದೆ. ಇಲ್ಲಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಅಷ್ಟು ದೂರ ಹೋಗಲು ನನಗೆ 28 ವರ್ಷ ಹಿಡಿಯಿತು.

ದೌರ್ಜನ್ಯ ಮಾಡುವವನು ಮೊದಲು ಕಿತ್ತುಕೊಳ್ಳುವುದು ಒಡವೆಯನ್ನಲ್ಲ, ಗೆಳತಿಯರನ್ನು. ಕೇಳುವವರಿಲ್ಲದ ಹೆಣ್ಣನ್ನು ಹೊಡೆಯುವುದು ಸುಲಭ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ನಿಯಮಗಳಲ್ಲಿರುವ ಘಟನಾ ವರದಿಯ ನಮೂನೆಯನ್ನು ನೋಡಿ. ಹೆಣ್ಣನ್ನು ಯಾರನ್ನಾದರೂ ಭೇಟಿಯಾಗದಂತೆ ತಡೆಯುವುದನ್ನು ಅಲ್ಲಿ ಮಾನಸಿಕ ಹಿಂಸೆಯ ಪಟ್ಟಿಯಲ್ಲಿ ಸೇರಿಸಿದ್ದಾರೆ. ಇನ್ನೊಂದು ಮುಖ್ಯ ಮಾತು. ಅದೇ ಕಾಯ್ದೆಯ 4ನೇ ಕಲಂ ಪ್ರಕಾರ, ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ನಿಲ್ಲುವುದಿಲ್ಲ. ಅಂದರೆ ಗೆಳತಿಗೂ ಕಾನೂನಿನಲ್ಲಿ ಜಾಗವಿದೆ.

ನಾವು ಇಬ್ಬರು ಬಸ್ ಹತ್ತಿ ಹೋದೆವು. ಬಳೆ ಕೊಡುವ ನೆಪದಲ್ಲಿ ಅವಳ ಜೊತೆ ಕೂತೆವು. "ಈ ವಯಸ್ಸಿನಲ್ಲಿ ಯಾಕೆ?" ಎಂದು ಅವಳೇ ಅಂದಳು. ಕಾಯ್ದೆಯಲ್ಲಿ ವಯಸ್ಸಿನ ಮಿತಿ ಇಲ್ಲ ಎಂದೆವು. ಒತ್ತಾಯ ಮಾಡಲಿಲ್ಲ. ಕೆಲವು ತಿಂಗಳ ನಂತರ ಅವಳೇ ಕರೆದಳು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ, ಸಂರಕ್ಷಣಾಧಿಕಾರಿಯೂ ಹೌದು. ಅಲ್ಲಿ ವರದಿ ಬರೆಸಿದೆವು. ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ ಬಂತು. ಅವಳು ಮನೆ ಬಿಡಲಿಲ್ಲ. ಆ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಹೊಡೆತ ನಿಂತಿದೆ, ಬೈಗುಳ ನಿಂತಿಲ್ಲ. ಆದರೆ ಈಗ ಅವಳು ಒಂಟಿಯಲ್ಲ.

ಕೆಲವು ಎಚ್ಚರಿಕೆ ಹೇಳಲೇಬೇಕು. ಗೆಳತಿಯ ಫೋನನ್ನು ಗಂಡ, ಮಗ ನೋಡುತ್ತಿರಬಹುದು. ಮೊದಲ ದಿನವೇ ಏನನ್ನೂ ಬರೆಯಬೇಡಿ. "ಯಾವ ಹೊತ್ತಿಗೆ ಮಾತಾಡಬಹುದು?" ಎಂದಷ್ಟೇ ಕೇಳಿ. ಅವಳು ಹೇಳಿದ್ದನ್ನು ನಲವತ್ತು ಜನರ ಗುಂಪಿಗೆ ಹಾಕಬೇಡಿ. ಅನುಕಂಪದ ಹೆಸರಿನಲ್ಲಿ ಅದು ಚಾಡಿಯಾಗುತ್ತದೆ. ಗಾಯದ ಫೋಟೋ, ಬೆದರಿಕೆಯ ಸಂದೇಶ ಕಳಿಸಿದರೆ ಅಳಿಸದೆ ತಾರೀಖಿನ ಸಮೇತ ಇಟ್ಟುಕೊಳ್ಳಿ. ಮುಂದೆ ಅದು ಸಾಕ್ಷ್ಯವಾಗಬಹುದು.

ಇನ್ನು, ಹಳೆಯ ಗೆಳತಿಯ ಫೋಟೋ ಹಾಕಿಕೊಂಡು ಮೋಸಗಾರರು ದುಡ್ಡು ಕೇಳುವುದುಂಟು. ಫೋನ್ ಮಾಡಿ, ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಶಾಲೆಯ ಸಂಗತಿ ಕೇಳಿ. ಸಂಘದ ಸಾಲದ ಹಣವನ್ನು ಅವಸರದಲ್ಲಿ ಕಳಿಸಬೇಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹೊಡೆತ, ಬೆದರಿಕೆಗೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಹಳೆಯ 498ಎ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. 304ಬಿ ಈಗ 80ನೇ ಕಲಂ. ಸಂಖ್ಯೆ ಬದಲಾದ ಮಾತ್ರಕ್ಕೆ ಹಕ್ಕು ಹೋಗಿಲ್ಲ.

ಹೂವಿನ ಚಿತ್ರ ಕಳಿಸುವುದೇ ಸ್ನೇಹವಲ್ಲ. ಅದು ಬಾಗಿಲು ತಟ್ಟಿದ ಹಾಗೆ, ಅಷ್ಟೇ. ಬಾಗಿಲು ತೆರೆದ ಮೇಲೆ ಒಳಗೆ ಹೋಗಿ ಕೂರಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಖರ್ಚೂ ಇಲ್ಲ.

ಇವತ್ತು ಮನೆಗೆ ಹೋದ ಮೇಲೆ ಒಂದು ಹೆಸರು ನೆನಪು ಮಾಡಿಕೊಳ್ಳಿ. ಕಾಗದ ನಿಲ್ಲಿಸಿದವಳು, ಮದುವೆಗೆ ಕರೆದರೂ ಬಾರದವಳು, ಜಂಬಗಾರ್ತಿ ಎಂದು ನೀವು ಬಿಟ್ಟುಬಿಟ್ಟವಳು. ಅವಳನ್ನು ಹುಡುಕಿ. ಕೇಳಿ. ಕುಣಿಗಲ್ಲಿನ ನನ್ನ ಗೆಳತಿಯನ್ನು ಕೇಳಲು ನನಗೆ ಇನ್ನು ಸಾಧ್ಯವಿಲ್ಲ. ನಿಮ್ಮ ಗೆಳತಿಯನ್ನು ಕೇಳಲು ನಿಮಗಿನ್ನೂ ಸಮಯವಿದೆ.