ಉಣುಗು ಕಚ್ಚದಂತೆ ಕಾಡಿಗೆ ಹೋಗುವ ಬಗೆ

ಗದ್ದೆ ಕೊಯ್ಲು ಮುಗಿದು ಕಣದ ಕೆಲಸ ಒಂದು ಹದಕ್ಕೆ ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ಕಾಡಿನ ಕೆಲಸ ಶುರುವಾಗುತ್ತದೆ. ಕೊಟ್ಟಿಗೆಗೆ ದರಗು ಗುಡಿಸಿ ತರಬೇಕು, ಮಳೆಗಾಲಕ್ಕೆ ಸೌದೆ ಕೂಡಿಹಾಕಬೇಕು, ತೋಟಕ್ಕೆ ಸೊಪ್ಪು ಆಗಬೇಕು, ದನ ಹೊಡೆದುಕೊಂಡು ಹೋಗಬೇಕು. ಇದೇ ಹೊತ್ತಿಗೆ ಕಾಡಿನ ನೆಲದಲ್ಲಿ ಮರಿ ಉಣುಗುಗಳೂ ಎದ್ದು ಕೂರುತ್ತವೆ. ಕೆಲವು ಕಡೆ ಇದಕ್ಕೆ ಉಣ್ಣಿ ಅಂತಲೂ ಹೇಳುತ್ತಾರೆ. ನಮ್ಮ ಕೆಲಸದ ಕಾಲ, ಅದರ ಹಸಿವಿನ ಕಾಲ, ಎರಡೂ ಒಂದೇ ಆಗಿರುವುದರಿಂದಲೇ ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುವುದು.

ಈ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಮೊದಲು ಮಂಗಗಳು ಸತ್ತು ಬಿದ್ದವು, ಜತೆಜತೆಗೇ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಇದು ಉಣುಗಿನಿಂದ ಹರಡುವ ಹೊಸ ವೈರಾಣು ಎಂದು ಕಂಡುಹಿಡಿದರು. ಕಾಯಿಲೆ ಅಲ್ಲಿಗೇ ನಿಲ್ಲಲಿಲ್ಲ. 2012ರ ಕೊನೆಗೆ ಬಂಡೀಪುರದ ಕಡೆ ಕಂಡಿತು. ಆಮೇಲೆ ಕೇರಳದ ವಯನಾಡು, ಗೋವದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಂಡಿತು. 2019ರ ಬೇಸಿಗೆಯ ಮುಂಚೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಎಷ್ಟೋ ಮನೆಗಳಿಗೆ ದುಃಖ ತಂದಿತು.

ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಸುಮಾರು 3ರಿಂದ 5 ಜನ ತೀರಿಹೋಗುತ್ತಾರೆ. ಉಳಿದವರಿಗೂ ಮೈಗೆ ಮೊದಲಿನ ಕಸುವು ಬರಲು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಇದಕ್ಕೇ ಅಂತ ನೇರವಾದ ಔಷಧಿಯಿಲ್ಲ. ಹಿಂದೆ ಹಾಕುತ್ತಿದ್ದ ಲಸಿಕೆಯನ್ನು ಈಗ ಹಾಕುತ್ತಿಲ್ಲ. ಹೊಸ ಲಸಿಕೆಯ ಕೆಲಸ ನಡೆದಿದೆ. ಹಾಗಾದರೆ ಈಗ ನಮ್ಮ ಕೈಯಲ್ಲಿ ಇರುವುದೇನು? ಉಣುಗು ಕಚ್ಚದಂತೆ ನೋಡಿಕೊಳ್ಳುವುದು. ಅದು ಬಟ್ಟೆಯ ಮಾತು, ಎಣ್ಣೆಯ ಮಾತು, ಜತೆಗೆ ಸ್ವಲ್ಪ ವಾಸನೆಯ ಮಾತೂ ಹೌದು.

ಉಣುಗು ಹಾರುವುದಿಲ್ಲ, ಕುಪ್ಪಳಿಸುವುದೂ ಇಲ್ಲ. ದರಗಿನ ಮೇಲೆ, ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾದು ಕೂರುತ್ತದೆ. ಅದರ ಮೂಗು ಇರುವುದೇ ಆ ಮುಂಗಾಲಿನಲ್ಲಿ. ನಾವು ಬಿಡುವ ಉಸಿರು, ಮೈಯ ಬಿಸಿ, ಬೆವರಿನ ವಾಸನೆ, ಇವುಗಳಿಂದ ಯಾರೋ ಬಂದರು ಅಂತ ಅದಕ್ಕೆ ತಿಳಿಯುತ್ತದೆ. ನಮ್ಮ ಕಾಲು ತಾಗಿದ ಕೂಡಲೆ ಹಿಡಿದುಕೊಂಡು ಮೇಲಕ್ಕೆ ಹತ್ತುತ್ತದೆ. ಬೆಳಗ್ಗೆ ಸ್ನಾನ ಮಾಡಿ ಹೋದೆ, ನನಗೇನೂ ಹತ್ತುವುದಿಲ್ಲ ಅನ್ನುವ ಧೈರ್ಯ ಬೇಡ. ಉಸಿರು ಬಿಡದೆ ಯಾರೂ ಸೌದೆ ಕಡಿಯುವುದಿಲ್ಲವಲ್ಲ!

ಅದು ಕೆಳಗಿನಿಂದ ಹತ್ತುವ ಪ್ರಾಣಿಯಾದ್ದರಿಂದ ಕೆಳಗಿನಿಂದಲೇ ಬಾಗಿಲು ಹಾಕಬೇಕು. ಗಂಡಸರು ಪಂಚೆ ಬಿಟ್ಟು ಉದ್ದ ಷರಾಯಿ ಹಾಕಿ, ಅದರ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಲಿ. ರಬ್ಬರ್ ಬೂಟು ಇದ್ದರೆ ಇನ್ನೂ ಲೇಸು. ತುಂಬುತೋಳಿನ ಅಂಗಿ ಹಾಕಿ ಷರಾಯಿಯೊಳಗೆ ಸಿಕ್ಕಿಸಲಿ. ಹೆಂಗಸರು ಸೀರೆಯ ಒಳಗೆ ಉದ್ದ ಷರಾಯಿ ತೊಟ್ಟು, ರವಿಕೆಯ ಮೇಲೆ ತುಂಬುತೋಳಿನ ಅಂಗಿ ಹಾಕಿಕೊಳ್ಳಲಿ. ನೋಡುವವರು ನಕ್ಕರೆ ನಗಲಿ, ನಾಲ್ಕು ದಿನಕ್ಕೆ ಅವರೂ ಹಾಗೇ ಹೊರಡುತ್ತಾರೆ. ಬಟ್ಟೆ ತಿಳಿಬಣ್ಣದ್ದಾಗಿರಲಿ. ಮರಿ ಉಣುಗು ತೀರ ಸಣ್ಣದು, ಕಪ್ಪು ಬಟ್ಟೆಯ ಮೇಲೆ ಕಾಣುವುದೇ ಇಲ್ಲ.

ಬಟ್ಟೆ ಮುಚ್ಚದ ಕೈ, ಕಾಲು, ಕುತ್ತಿಗೆಗೆ ಎಣ್ಣೆ ಹಚ್ಚಬೇಕು. ಆರೋಗ್ಯ ಇಲಾಖೆಯವರು ಕಾಯಿಲೆಯ ಊರುಗಳಲ್ಲಿ ಡೆಪಾ ಎಣ್ಣೆಯನ್ನು ಬಿಟ್ಟಿಯಾಗಿ ಹಂಚುತ್ತಾರೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯವರು ತಯಾರಿಸಿದ ಔಷಧಿ ಅದು. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಸಿಗುತ್ತದೆ. ಕಣ್ಣಿಗೂ ಬಾಯಿಗೂ ಗಾಯಕ್ಕೂ ತಾಗಿಸಬಾರದು.

“ಆ ಎಣ್ಣೆ ನಾತ, ಯಾರು ಹಚ್ಚಿಕೊಳ್ತಾರೆ?” ಅಂತ ಕೆಲವರು ಸೀಸೆಯನ್ನು ಮಾಡಿನ ಸಂದಿಯಲ್ಲಿ ಸಿಕ್ಕಿಸಿಬಿಡುತ್ತಾರೆ. ಸೀಸೆಯೊಳಗಿನ ಎಣ್ಣೆಯಿಂದ ಉಣುಗು ಓಡುವುದಿಲ್ಲ. ವಾಸನೆಗೆ ಉಪಾಯವಿದೆ. ಎಣ್ಣೆಯನ್ನು ಮನೆಯೊಳಗೆ ಹಚ್ಚಬೇಡಿ, ಅಂಗಳದಲ್ಲಿ ಹಚ್ಚಿ. ಸುರಿದುಕೊಳ್ಳಬೇಡಿ, ಅಂಗೈಯಲ್ಲಿ ಸ್ವಲ್ಪ ಹಾಕಿಕೊಂಡು ತೆಳ್ಳಗೆ ಸವರಿ. ಕಾಡಿನ ಬಟ್ಟೆ ಅಂತಲೇ ಒಂದು ಜತೆ ಬೇರೆ ಇಟ್ಟು, ಹೊರಗೆ ಗೂಟಕ್ಕೆ ನೇತುಹಾಕಿ. ಅಡಿಗೆಮನೆಗೂ ಹಾಸಿಗೆಯ ಹತ್ತಿರಕ್ಕೂ ಅದು ಬರಬಾರದು. ಹಾಲು ಕರೆಯುವವರು ಒಂದು ಮಾತು ನೆನಪಿಡಿ. ಹಾಲು ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಬೆಳಗಿನ ಹಾಲು ಕರೆದಮೇಲೆ ಎಣ್ಣೆ ಹಚ್ಚಿ. ಸಂಜೆ ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು ಕೆಚ್ಚಲು ಮುಟ್ಟಿ.

ಗದ್ದೆಯಂಚಿನ ಮಾಳದಲ್ಲಿ ಕೂತು ಹಂದಿ ಕಾಯುವವರು, ಎಣ್ಣೆ ಹಚ್ಚಿದರೆ ಹಂದಿಗೆ ವಾಸನೆ ಹತ್ತುತ್ತದಲ್ಲ ಅನ್ನಬಹುದು. ಹತ್ತಲಿ! ನಾವು ಕೂತಿರುವುದು ಅದನ್ನು ಓಡಿಸುವುದಕ್ಕೆ ತಾನೆ? ಶಿಕಾರಿ ಮಾಡುವ ಕಾಲ ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯೊಂದಿಗೆ ಮುಗಿಯಿತು.

ಶಿಕಾರಿಗೆ ರಹದಾರಿ ಕೊಡುವ ದೇಶಗಳಲ್ಲಿ ಮಾತ್ರ ಈ ವಾಸನೆಯ ಪ್ರಶ್ನೆ ದೊಡ್ಡದು. ಅಮೆರಿಕದ ಕಾಡುಗಳಲ್ಲಿ ಉಣುಗಿನಿಂದ ಲೈಮ್ ಎಂಬ ಬೇರೊಂದು ಕಾಯಿಲೆ ಬರುತ್ತದೆ. ಅಲ್ಲಿನ ಮರಿ ಉಣುಗು ಗಸಗಸೆ ಕಾಳಿನಷ್ಟು. ಜಿಂಕೆಯ ಮೂಗು ಬಲು ಚುರುಕು, ಔಷಧಿ ಹಚ್ಚಿದರೆ ಬೇಟೆ ಹೋಗುತ್ತದೆ, ಹಚ್ಚದಿದ್ದರೆ ಆರೋಗ್ಯ ಹೋಗುತ್ತದೆ. ಅವರು ಮಾಡಿಕೊಂಡ ದಾರಿಯೆಂದರೆ ಔಷಧಿಯನ್ನು ಮೈಗೆ ಹಚ್ಚದೆ ಬಟ್ಟೆಗೆ ಕೂಡಿಸುವುದು. ಪರ್ಮೆತ್ರಿನ್ ಎಂಬ ಔಷಧಿಯನ್ನು ನೂರಕ್ಕೆ ಅರ್ಧ ಪಾಲಿನ ಹದದಲ್ಲಿ ಅಂಗಿ, ಷರಾಯಿ, ಬೂಟಿಗೆ ಸಿಂಪಡಿಸುತ್ತಾರೆ. ಹೊರಡುವ ಕೆಲವು ದಿನ ಮುಂಚೆಯೇ, ಬಯಲಿನಲ್ಲಿ ಸಿಂಪಡಿಸಿ ಪೂರ್ತಿ ಒಣಗಿಸುತ್ತಾರೆ. ಒಣಗಿದಮೇಲೆ ವಾಸನೆ ಹೆಚ್ಚುಕಡಿಮೆ ಉಳಿಯುವುದಿಲ್ಲ, ಆದರೆ ಬಟ್ಟೆ ಹತ್ತಿದ ಉಣುಗು ಕಾಲು ಸೋತು ಉದುರುತ್ತದೆ. ಸುಮಾರು ಆರು ಒಗೆತದವರೆಗೆ ಗುಣ ನಿಲ್ಲುತ್ತದೆ. ಜತೆಗೆ ಗಾಳಿ ತಮ್ಮ ಮುಖಕ್ಕೆ ಬೀಸುವ ಕಡೆ ನಿಂತು ಮೈವಾಸನೆ ಮೃಗಕ್ಕೆ ತಲುಪದಂತೆ ನೋಡಿಕೊಳ್ಳುತ್ತಾರೆ. ಅಲ್ಲಿನ ಸೈನಿಕರ ಸಮವಸ್ತ್ರಕ್ಕೂ ಇದೇ ಔಷಧಿ ಕೂಡಿಸುತ್ತಾರೆ.

ಇದನ್ನು ಕೇಳಿದ ಕೂಡಲೆ ಮನೆಯಲ್ಲಿ ಭತ್ತಕ್ಕೋ ಕಾಫಿಗೋ ತಂದಿಟ್ಟ ಔಷಧಿಯಲ್ಲಿ ಅಂಗಿ ಅದ್ದಲು ಹೋಗಬೇಡಿ! ದನದ ಉಣುಗಿಗೆ ಹಾಕುವ ಔಷಧಿಯೂ ಬೇಡ. ಬೆಳೆಗೆ ಮಾಡಿದ್ದು ಬೆಳೆಗೆ, ಬಟ್ಟೆಗೆ ಮಾಡಿದ್ದು ಬಟ್ಟೆಗೆ. ಬೆವರಿನೊಂದಿಗೆ ವಿಷ ಮೈಗೆ ಇಳಿದರೆ ಉಣುಗಿಗಿಂತ ಅದೇ ಮೊದಲು ಕೊಲ್ಲುತ್ತದೆ. ಬಟ್ಟೆಗೆಂದೇ ತಯಾರಾದ ಪರ್ಮೆತ್ರಿನ್ ಸಿಕ್ಕಿದರೂ ಮೈಚರ್ಮಕ್ಕೆ ಹಚ್ಚುವಂತಿಲ್ಲ. ಹಸಿಯಾಗಿದ್ದಾಗ ಬೆಕ್ಕಿಗೆ ಅಪಾಯ. ಮೀನಿಗೂ ಜೇನಿಗೂ ವಿಷ. ಆ ಬಟ್ಟೆಯನ್ನು ಹಳ್ಳದಲ್ಲಿ ಒಗೆಯಬಾರದು.

ಕಾಡಿನಿಂದ ಬಂದಮೇಲಿನ ಕೆಲಸವೂ ಅಷ್ಟೇ ಮುಖ್ಯ. ನಮ್ಮ ಬಚ್ಚಲ ಹಂಡೆ ಸದಾ ಕಾದಿರುತ್ತದೆ, ಅದೇ ನಮ್ಮ ಭಾಗ್ಯ. ಬಟ್ಟೆಯನ್ನು ಹೊರಗೇ ಕಳಚಿ ಕುದಿನೀರು ಹೊಯ್ದು ನೆನೆಹಾಕಿ. ತಣ್ಣೀರಿನಲ್ಲಿ ಒಗೆದರೆ ಉಣುಗು ಸಾಯುವುದಿಲ್ಲ. ಬಿಸಿನೀರು, ಸಾಬೂನಿನಿಂದ ಮೈ ಉಜ್ಜಿ ತೊಳೆಯಿರಿ. ಕಂಕುಳು, ಸೊಂಟ, ಮೊಣಕಾಲಿನ ಹಿಂದೆ, ಕಿವಿಯ ಹಿಂದೆ, ಕೂದಲೊಳಗೆ ನೋಡಿಕೊಳ್ಳಿ. ಮಕ್ಕಳ ಮೈಯನ್ನು ತಾಯಂದಿರು ನೋಡಲಿ. ಕಚ್ಚಿಕೊಂಡಿದ್ದರೆ ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಾಕುವುದು, ಉಗುರಿನಿಂದ ಹೊಸಕುವುದು ಬೇಡ. ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೆಟ್ಟಗೆ ಎಳೆದು ತೆಗೆದು, ಆ ಜಾಗ ತೊಳೆಯಿರಿ.

ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಆದರೆ ದೊಡ್ಡ ಉಣುಗು ಬೆಳೆಯುವುದು ಅದರ ರಕ್ತದಲ್ಲೇ. ಆದ್ದರಿಂದ ಪಶುವೈದ್ಯರನ್ನು ಕೇಳಿ ದನಗಳಿಗೂ ಔಷಧಿ ಮಾಡಿಸಿ. ಮಂಗ ಸತ್ತ ಕಡೆಯ ದರಗು ತರಲೇಬೇಡಿ, ಆ ದಿಕ್ಕಿಗೆ ದನವನ್ನೂ ಬಿಡಬೇಡಿ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಸುತ್ತ ಹರಡಿರುತ್ತದೆ. ಮುಟ್ಟದೆ, ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ಅಂದೇ ತಿಳಿಸಿ. ನಾಳೆ ಹೇಳಿದರಾಯಿತು ಅಂದರೆ ಅಷ್ಟರಲ್ಲಿ ಪಕ್ಕದ ಮನೆಯವರು ಅದೇ ದಾರಿಯಲ್ಲಿ ಸೌದೆಗೆ ಹೋಗಿರುತ್ತಾರೆ.

ಕಾಡಿಗೆ ಹೋಗಿ ಬಂದ ಮೂರರಿಂದ ಎಂಟು ದಿನಗಳೊಳಗೆ ಒಮ್ಮೆಲೇ ಜ್ವರ, ತಲೆನೋವು, ಸೊಂಟ ಮೀನಖಂಡಗಳ ಸೆಳೆತ, ಕಣ್ಣು ಕೆಂಪಾಗುವುದು, ವಾಂತಿ ಕಂಡರೆ ಅಂಗಡಿಯ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಕೆಲವು ನೋವಿನ ಮಾತ್ರೆಗಳು ಮೂಗು, ವಸಡಿನ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಎಂದು ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಜ್ವರ ಬಿಟ್ಟಮೇಲೂ ಎಚ್ಚರ ಬೇಕು: ಹತ್ತರಲ್ಲಿ ಒಬ್ಬಿಬ್ಬರಿಗೆ ಒಂದೆರಡು ವಾರ ಕಳೆದು ಮತ್ತೆ ಮರುಕಳಿಸುತ್ತದೆ. ರೋಗಿಯನ್ನು ಮುಟ್ಟಿ ಆರೈಕೆ ಮಾಡುವುದಕ್ಕೆ ಅಂಜಬೇಡಿ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

ಕಾಡು ಬಿಟ್ಟು ನಮ್ಮ ಒಕ್ಕಲುತನ ನಡೆಯುವುದಿಲ್ಲ, ನಿಜ. ಹೋಗಬೇಡಿ ಎಂದು ಹೇಳುತ್ತಿಲ್ಲ. ಹೋಗುವ ಮುಂಚೆ ಮೈಮುಚ್ಚುವ ಬಟ್ಟೆ, ತೆಳ್ಳಗೆ ಎಣ್ಣೆ. ಬಂದಮೇಲೆ ಕುದಿನೀರು, ಸಾಬೂನು. ಮಂಗ ಸತ್ತರೆ ಅಂದೇ ಸುದ್ದಿ. ಜ್ವರ ಬಂದರೆ ಅಂದೇ ಆಸ್ಪತ್ರೆ. ಇಷ್ಟನ್ನು ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆಲ್ಲ ಹೇಳಿ. ನಾಳೆ ನಿಮ್ಮ ಜತೆ ಸೌದೆಗೆ ಬರುವ ಆಳುಗಳಿಗೂ ಹೇಳಿ, ಅವರಿಗೂ ಎಣ್ಣೆಯ ಸೀಸೆ ಕೊಡಿ.