ಎಲುಬಿಗೆ ಹೆಸರಿಟ್ಟವರು ಯಾರು?

(ಕೋಣನಕುಂಟೆಯ ಚಿಂತನಗೋಷ್ಠಿಯಲ್ಲಿ ಆಡಿದ ಮಾತುಗಳು)



ನಾನು ಪಂಡಿತನಲ್ಲ; ಕಾಲುವೆ, ರಸ್ತೆ ಮಾಡಿಸಿ ನಿವೃತ್ತನಾದ ಸರ್ಕಾರಿ ಎಂಜಿನಿಯರ್. ಈಚೆಗೆ ಗಂಗಾವತಿ ಬಳಿಯ ಹಿರೇಬೆಣಕಲ್ ಬೆಟ್ಟ ಹತ್ತಿದ್ದೆವು. ಅಲ್ಲಿ ಸುಮಾರು 400 ಶಿಲಾಸಮಾಧಿಗಳಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ಆ ಚಪ್ಪಡಿಗಳನ್ನು ಕಂಡು, "ಎಂಥ ಗಂಡಸರಪ್ಪ!" ಎಂದೆ. ನಮ್ಮ ಮನೆಯವರು ಮೆಲ್ಲಗೆ ಕೇಳಿದರು: "ನಿಮ್ಮ ಕೆಲಸದಲ್ಲಿ ಕಲ್ಲು ಹೊತ್ತವರು ಯಾರು?"

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮೊಳಕಾಲ್ಮುರಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಗೋರಿಗಳಲ್ಲಿ ಸಿಕ್ಕದ್ದು ಮಡಕೆ, ಮಣಿ, ಕಬ್ಬಿಣದ ಆಯುಧ, ಎಲುಬಿನ ಚೂರು. ಇಂಥ ಗೋರಿಗಳಲ್ಲಿ ಎಷ್ಟೋ ಸಲ ಹಲವರ ಎಲುಬು ಬೆರೆತಿರುತ್ತದೆ. ಆದರೂ ಕತ್ತಿ ಕಂಡರೆ ಗಂಡು, ಮಣಿ ಕಂಡರೆ ಹೆಣ್ಣು ಎನ್ನುವುದು ನಮ್ಮ ರೂಢಿ. ಅದನ್ನು ಹೇಳಿದ್ದು ಮಣ್ಣಲ್ಲ, ನಾವು.

ಸ್ಪೇನಿನ ಸೆವಿಲ್ ಬಳಿ 2008ರಲ್ಲಿ ಸುಮಾರು 5000 ವರ್ಷ ಹಿಂದಿನ ಸಮಾಧಿಯೊಂದು ಸಿಕ್ಕಿತು. ಆನೆಯ ದಂತ, ಬೆಲೆಬಾಳುವ ವಸ್ತುಗಳು. 'ದಂತದ ಪುರುಷ' ಎಂದು ಹೆಸರಿಟ್ಟರು. 2023ರಲ್ಲಿ ಹಲ್ಲಿನ ಎನಾಮಲ್‌ನ ಪ್ರೋಟೀನ್ ಪರೀಕ್ಷೆಯ ಫಲ ಹೊರಬಂತು: ಆಕೆ ಹೆಣ್ಣು. ಹಾಗೆಂದು ಎಲ್ಲ ಕತ್ತಿಯೂ ಹೆಣ್ಣಿನದೆನ್ನಬೇಕಿಲ್ಲ. ಅಳತೆಗೆ ಮುಂಚೆ ತೀರ್ಪು ಬೇಡ, ಅಷ್ಟೆ.

ಆಯ್ದಕ್ಕಿ ಲಕ್ಕಮ್ಮನವರನ್ನೇ ನೆನೆಯಿರಿ. ಹೆಚ್ಚು ಅಕ್ಕಿ ತಂದ ಗಂಡ ಮಾರಯ್ಯನವರನ್ನು ತಿದ್ದಿದ ತಾಯಿ. ಅವರ ವಚನ ಉಳಿಯಿತು, ಆದ್ದರಿಂದ ಬಲ್ಲೆವು. ವಚನ ಅಳಿದು ಒಂದು ಗಡಿಗೆ, ಒಂದು ಒರಳುಕಲ್ಲು ಮಾತ್ರ ಮಣ್ಣಿನಲ್ಲಿ ಸಿಕ್ಕಿದ್ದರೆ? "ಯಾರೋ ಅಡುಗೆಯ ಹೆಂಗಸು" ಎಂದು ಬರೆದು ಮುಗಿಸುತ್ತಿದ್ದೆವು.

ಈಗ ನನ್ನ ತಪ್ಪು ಹೇಳುತ್ತೇನೆ. ನೌಕರಿಯ ಮೊದಲ ವರ್ಷಗಳಲ್ಲಿ ಮಸ್ಟರ್ ರೋಲ್ ಬರೆಯುತ್ತಿದ್ದವನು ನಾನೇ. ಒಬ್ಬ ಹೆಣ್ಣುಮಗಳು ಗಂಡನ ಸಮಕ್ಕೆ ಸುತ್ತಿಗೆ ಹಿಡಿದು ಕಲ್ಲು ಒಡೆಯುತ್ತಿದ್ದಳು. ಅವನನ್ನು 'ಕಲ್ಲುಕುಟಿಗ' ಎಂದು ಬರೆದೆ, ಅವಳನ್ನು 'ಹೆಣ್ಣಾಳು' ಎಂದು. ಕೂಲಿಯೂ ಕಡಿಮೆ. ಒಂದು ದಿನ ಅವಳು ಕೇಳಿದಳು. "ಕಾಲಂ ಇರುವುದೇ ಹಾಗಮ್ಮ" ಎಂದೆ. ಕಾಲಂ ಇದ್ದದ್ದು ನಿಜ. ಬರೆದ ಕೈ ನನ್ನದು.

ಮುಂದೊಂದು ದಿನ ಆ ಪುಸ್ತಕ ಯಾರಿಗಾದರೂ ಸಿಕ್ಕರೆ, ಆ ಕಾಲದ ಹೆಂಗಸರು ಕಲ್ಲು ಒಡೆಯುತ್ತಿರಲಿಲ್ಲ ಎಂದೇ ಓದಿಕೊಳ್ಳುತ್ತಾರೆ. ಸುಳ್ಳು ಸಾವಿರಾರು ವರ್ಷ ಹಳೆಯದಾಗಬೇಕಿಲ್ಲ, ನಲವತ್ತು ವರ್ಷ ಸಾಕು.

ಕಾಯಕಕ್ಕೆ ಗಂಡು ಹೆಣ್ಣೆಂಬುದಿಲ್ಲ ಎಂದು ಸಭೆಯಲ್ಲಿ ಹೇಳುವ ನಾವು, ನಮ್ಮ ಹೊಲದ, ಅಂಗಡಿಯ, ಮಠದ ಲೆಕ್ಕದ ಪುಸ್ತಕ ತೆರೆದು ನೋಡೋಣ. ದುಡಿದವಳ ಹೆಸರು ಅಲ್ಲಿದೆಯೇ?