ಒಪ್ಪಿಗೆ ಕೇಳುವ ಹೊತ್ತು

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಸರ್ಕಾರಿ ಆಸ್ಪತ್ರೆಗಳಿಂದ ರಾತ್ರಿ ಪಾಳಿ ಮುಗಿಸಿಕೊಂಡು ನೇರವಾಗಿ ಇಲ್ಲಿಗೆ ಬಂದಿರುವ ವೈದ್ಯ ಮಿತ್ರರೆ, ಶುಶ್ರೂಷಕರೆ, ಕಾನೂನು ಕಾಲೇಜಿನ ಅಧ್ಯಾಪಕರೆ,

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಮುನ್ನ ರೋಗಿಯ ಒಪ್ಪಿಗೆ ಪಡೆಯುವ ಬಗ್ಗೆ ಆಶಯದ ಮಾತು ಆಡಲು ನನ್ನನ್ನು ಕರೆದಿದ್ದೀರಿ. ಬಹಳ ವರ್ಷಗಳಿಂದ ಮನಸ್ಸಿನಲ್ಲಿ ಕೂತಿರುವ ಒಂದು ನಂಬಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ರೋಗಿಗಳು ಸಹಿ ಹಾಕುತ್ತಿರುವುದು ಒಂದಕ್ಕೆ, ನಾವು ಮಾಡುತ್ತಿರುವುದು ಇನ್ನೊಂದನ್ನು. ಇದು ನಮಗೆ ಗೊತ್ತಿದೆ. ಗೊತ್ತಿದ್ದೂ ಆ ಸಹಿಯನ್ನು ಫೈಲಿಗೆ ಸೇರಿಸುತ್ತೇವೆ.

ಹೃದಯಾಘಾತವಾಗಿ ಬಂದವರ ಮಾತು ಬೇರೆ. ಅಲ್ಲಿ ಕಳೆಯುವ ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಘೋಷಿಸಿದ ಹೃದಯಜ್ಯೋತಿ ಯೋಜನೆಯಿಂದ ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಲು ಸಾಧ್ಯವಾಗಿದೆ. ಆ ಗಳಿಗೆಯಲ್ಲಿ ಮೆದುಳಿನ ರಕ್ತಸ್ರಾವದ ಅಪಾಯವನ್ನು ಎರಡು ಮಾತಿನಲ್ಲಿ ತಿಳಿಸಿ, ಒಪ್ಪಿಗೆ ಪಡೆದು, ಮುಂದುವರಿಯುವ ತಾಲ್ಲೂಕು ವೈದ್ಯರ ಬಗ್ಗೆ ನನಗೆ ಗೌರವವಿದೆ. ಅವರ ಮೇಲೆ ನನ್ನ ತಕರಾರಿಲ್ಲ.

ನನ್ನ ತಕರಾರು ಇರುವುದು ಇನ್ನೊಬ್ಬ ರೋಗಿಯ ವಿಷಯದಲ್ಲಿ. ಹೊಲಕ್ಕೆ ನಡೆದರೆ ಎದೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ತಿಂಗಳುಗಟ್ಟಲೆ ಹೀಗೇ ಇದೆ. ಅವನು ಬಸ್ಸು ಹತ್ತಿ ಹುಬ್ಬಳ್ಳಿಗೆ ಬರುತ್ತಾನೆ. ಇಂಥವರ ಬಗ್ಗೆ ನಡೆದ ಸಂಶೋಧನೆಯನ್ನು ಎರಡನೇ ಗೋಷ್ಠಿಯ ಗೆಳೆಯರು ನನಗಿಂತ ಚೆನ್ನಾಗಿ ಬಲ್ಲರು. ನಾನು ತೀರ್ಪನ್ನಷ್ಟೇ ನೆನಪಿಸುತ್ತೇನೆ. 2007ರ ಕರೇಜ್ ಅಧ್ಯಯನ, 2020ರಲ್ಲಿ ಪ್ರಕಟವಾದ, ಭಾರತದ ಕೇಂದ್ರಗಳೂ ಸೇರಿದ್ದ, 5,179 ರೋಗಿಗಳ ಇಸ್ಕೀಮಿಯಾ ಅಧ್ಯಯನ, ಎರಡೂ ಹೇಳಿದ್ದು ಇದನ್ನೇ: ಸ್ಥಿರವಾದ ಎದೆನೋವಿನಲ್ಲಿ, ಎಡ ಮುಖ್ಯ ನಾಳದ ತೊಂದರೆಯಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಒಳ್ಳೆಯ ಔಷಧೋಪಚಾರಕ್ಕಿಂತ ಸ್ಟೆಂಟ್ ಹೆಚ್ಚು ಜೀವ ಉಳಿಸಿದ್ದು ಕಾಣಲಿಲ್ಲ. ಆದರೆ ನೋವು ಕಡಿಮೆ ಮಾಡುತ್ತದೆ. 2023ರ ಆರ್ಬಿಟಾ-2 ಅಧ್ಯಯನ ಅದನ್ನು ಗಟ್ಟಿ ಮಾಡಿತು. ನೋವು ಕಡಿಮೆಯಾಗುವುದು ಸಣ್ಣ ಮಾತಲ್ಲ. ದುಡಿದು ಉಣ್ಣುವವನಿಗೆ ಅದೇ ದೊಡ್ಡದು.

ಆದರೆ ರೋಗಿ ನಂಬಿರುವುದೇನು? ಅಮೆರಿಕದ ಒಂದು ಆಸ್ಪತ್ರೆಯಲ್ಲಿ 153 ಮಂದಿ ರೋಗಿಗಳನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಕಡಾ 88ರಷ್ಟು ಜನ ಸ್ಟೆಂಟಿನಿಂದ ಹೃದಯಾಘಾತದ ಅಪಾಯ ತಗ್ಗುತ್ತದೆ ಎಂದೇ ತಿಳಿದಿದ್ದರು. ಅಕ್ಷರ ಬಲ್ಲ, ವಿಮೆ ಇರುವ ದೇಶದ ಕಥೆ ಅದು. ನಮ್ಮಲ್ಲಿ ಆ ನಂಬಿಕೆಯನ್ನು ನಾವೇ ಕೈಯಾರೆ ಬಿತ್ತಿದ್ದೇವೆ. "ಬೋರ್‌ವೆಲ್ ಪೈಪಿನಾಗ ಕಸ ಕಟ್ಟೇತಿ, ತಗದ್ರ ಆತು" ಎಂದು ಹೇಳಿಕೊಡುತ್ತೇವೆ. ಹೃದಯಾಘಾತ ಎಷ್ಟೋ ಸಲ ಅತಿ ಬಿಗಿಯಾದ ಜಾಗದಲ್ಲಿ ಆಗುವುದಿಲ್ಲ, ಕಣ್ಣಿಗೆ ಸಣ್ಣದಾಗಿ ಕಂಡ ಕೊಬ್ಬಿನ ಗಂಟು ಒಡೆದು ಆಗುತ್ತದೆ ಎಂಬುದು ಆ ಪೈಪಿನ ಕಥೆಯಲ್ಲಿ ಬರುವುದೇ ಇಲ್ಲ. 1872ರ ಕರಾರು ಕಾಯ್ದೆಯ 13ನೇ ಕಲಮಿನ ಪ್ರಕಾರ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಸಮ್ಮತಿ. ಕಾನೂನಿನ ಗೆಳೆಯರನ್ನು ಕೇಳುತ್ತೇನೆ: ರೋಗಿ ಜೀವ ಉಳಿಯಲಿ ಎಂದು ಸಹಿ ಹಾಕಿ, ವೈದ್ಯ ನೋವು ಇಳಿಯಲಿ ಎಂದು ಸ್ಟೆಂಟ್ ಹಾಕಿದರೆ, ಅಲ್ಲಿ ಸಮ್ಮತಿ ಆಯಿತೇ?

ನವಲಗುಂದದ ಕಡೆಯ ಒಬ್ಬ ರೈತ ಬೇರೆಲ್ಲೋ ಸ್ಟೆಂಟ್ ಹಾಕಿಸಿಕೊಂಡು, ಕೆಲವು ತಿಂಗಳ ಮೇಲೆ ನನ್ನ ಬಳಿ ಬಂದಿದ್ದರು. ಗುಳಿಗೆ ತೆಗೆದುಕೊಳ್ಳುತ್ತೀರಾ ಎಂದೆ. "ಬ್ಲಾಕ್ ತಗದಾರಲ್ರಿ, ಮತ್ತ ಗುಳಿಗಿ ಯಾಕ್ರಿ?" ಎಂದರು. ಎರಡೂ ರಕ್ತ ತೆಳುಗೊಳಿಸುವ ಗುಳಿಗೆ ಬಿಟ್ಟಿದ್ದರು. ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣ ಹೋಗಬಹುದಿತ್ತು. ಅವರ ಫೈಲಿನಲ್ಲಿ ಮಗನ ಸಹಿ ಇತ್ತು. ತಂದೆ ಪೂರ್ಣ ಎಚ್ಚರದಲ್ಲಿ ಒಳಗೆ ಮಲಗಿದ್ದಾಗ, ಹೊರಗೆ ಮಗನಿಗೆ ಆಂಜಿಯೋಗ್ರಾಮಿನ ಪರದೆ ತೋರಿಸಿ ಪಡೆದ ಸಹಿ ಅದು.

ರೋಗಿಯ ಬದಲು ಮನೆಯವರ ಸಹಿ ಪಡೆಯುವ ಈ ರೂಢಿಗೆ ನಮ್ಮ ನಿಯಮದಲ್ಲೇ ಬೇರಿದೆ. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ 7.16ನೇ ಅಂಶವನ್ನು ಓದಿ. ಶಸ್ತ್ರಕ್ರಿಯೆಗೆ ಲಿಖಿತ ಒಪ್ಪಿಗೆ ಕೊಡುವವರ ಸಾಲಿನಲ್ಲಿ ಮೊದಲು ಗಂಡ ಅಥವಾ ಹೆಂಡತಿ, ಆಮೇಲೆ ಅಪ್ರಾಪ್ತರಾದರೆ ಪೋಷಕರು, ಕಡೆಗೆ ರೋಗಿ.

ಇನ್ನೊಂದು ಮಾತು ಹೇಳಬೇಕು. 2017ರ ಫೆಬ್ರವರಿಯಲ್ಲಿ ಸ್ಟೆಂಟಿನ ಬೆಲೆಗೆ ಮಿತಿ ಬಂತು. ಔಷಧಲೇಪಿತ ಸ್ಟೆಂಟ್ 29,600 ರೂಪಾಯಿಗೆ ಇಳಿಯಿತು. 2018ರಲ್ಲಿ ಉಚಿತ ಚಿಕಿತ್ಸೆಯ ಕಾರ್ಡು ಕೊಡುವ ಆರೋಗ್ಯ ಕರ್ನಾಟಕ ಯೋಜನೆ ಬಂತು. ಬಡವನ ಮನೆಯ ಎಮ್ಮೆ, ಬಂಗಾರ ಉಳಿದವು. ಇದಕ್ಕಾಗಿ ದುಡಿದವರಿಗೆ ಕೈಮುಗಿಯುತ್ತೇನೆ. ಆದರೆ ಮೊದಲು ದುಡ್ಡಿನ ಭಯಕ್ಕೇ ಆದರೂ ಮನೆಯಲ್ಲಿ ಎರಡು ಸಂಜೆ ಚರ್ಚೆ ನಡೆಯುತ್ತಿತ್ತು. ಊರ ಮಾಸ್ತರರನ್ನು ಕೇಳುತ್ತಿದ್ದರು, ಇನ್ನೊಬ್ಬ ಡಾಕ್ಟರಿಗೆ ತೋರಿಸುತ್ತಿದ್ದರು. ಕಾರ್ಡು ಬಂದ ಮೇಲೆ ಆ ಚರ್ಚೆಯೂ ಹೋಯಿತು. ಅದರ ಜಾಗದಲ್ಲಿ ನಾವು ಏನನ್ನೂ ಇಡಲಿಲ್ಲ. 2024ರ ನವೆಂಬರಿನಲ್ಲಿ ಗುಜರಾತಿನ ಬೋರಿಸಣಾ ಎಂಬ ಹಳ್ಳಿಯ ಆರೋಗ್ಯ ಶಿಬಿರದಿಂದ ಜನರನ್ನು ಅಹಮದಾಬಾದಿಗೆ ಕರೆದೊಯ್ದು, 19 ಜನರಿಗೆ ಆಂಜಿಯೋಗ್ರಾಮ್, 7 ಜನರಿಗೆ ಆಂಜಿಯೋಪ್ಲಾಸ್ಟಿ ಮಾಡಿದರು. ಮನೆಯವರಿಗೆ ತಿಳಿಸಲೇ ಇಲ್ಲವೆಂಬ ದೂರು ಎದ್ದಿತು. ಇಬ್ಬರು ಸತ್ತರು. ಅದು ಅಪರಾಧದ ಪ್ರಕರಣ, ನಾವು ಅವರಲ್ಲ. ಆದರೂ ಉಚಿತ ಕಾರ್ಡು ಮತ್ತು ಕೇಳದ ಪ್ರಶ್ನೆ ಜೊತೆಯಾದರೆ ದಾರಿ ಎಲ್ಲಿಗೆ ಹೋಗಬಹುದೆಂದು ಅದು ತೋರಿಸಿತು.

ಈಗ ನನ್ನನ್ನು ಬಿಡದೆ ಕಾಡುವ ಪ್ರಶ್ನೆಗೆ ಬರುತ್ತೇನೆ. ಆಂಜಿಯೋಗ್ರಾಮ್ ಮುಗಿದಿದೆ, ಮಣಿಕಟ್ಟಿನಲ್ಲಿ ನಳಿಕೆ ಇನ್ನೂ ಇದೆ, ಬಿಗಿಯಾದ ಜಾಗ ಕಂಡಿದೆ. ರೋಗಿ ಸ್ಥಿರವಾಗಿದ್ದಾನೆ. ಆಗ ನಳಿಕೆ ತೆಗೆದು, ಟೇಬಲ್ಲಿನಿಂದ ಇಳಿಸಿ, ಊರಿಗೆ ಕಳಿಸಬೇಕೇ? ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು ಎಂದಿತು. ಎರಡಕ್ಕೂ ಸೇರಿಸಿ ಮೊದಲೇ ಒಪ್ಪಿಗೆ ಪಡೆಯಲು ಅಡ್ಡಿಯಿಲ್ಲ ಎಂದೂ ಹೇಳಿತು. ನಾವು ಹಿಡಿದುಕೊಂಡದ್ದು ಎರಡನೆಯದನ್ನು. ಈಗ ಎಷ್ಟೋ ಫಾರಂಗಳಲ್ಲಿ ಎರಡೂ ಒಂದೇ ಸಾಲಿನಲ್ಲಿವೆ.

ಇಳಿಸಿ ಕಳಿಸಿ ಎಂದು ಹೇಳುವುದು ಸುಲಭ. ಇನ್ನೊಮ್ಮೆ ಚುಚ್ಚಬೇಕು, ಇನ್ನೊಮ್ಮೆ ಯೋಜನೆಯ ಮಂಜೂರಾತಿ ಪಡೆಯಬೇಕು. ಹೆಸರು ಬಿತ್ತುವ ಹದ ಬಂದರೆ ಅವನು ತಿರುಗಿ ಬರುವುದೇ ಇಲ್ಲ. ಈ ಆಕ್ಷೇಪಣೆಗಳನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಕುಂದಗೋಳದ ಕಡೆಯ ಒಬ್ಬ ಹೆಣ್ಣುಮಗಳು ನೆನಪಾಗುತ್ತಾರೆ. ಮಗ ಅವಸರ ಮಾಡುತ್ತಿದ್ದ. ಆಕೆ ನನ್ನನ್ನು ಕೇಳಿದ್ದು ಒಂದೇ: "ಇದು ಹಾಕಿದ್ರ ನಾ ಜಾಸ್ತಿ ದಿನಾ ಬದಕ್ತೀನೇನ್ರಿ?" ಹಾಗೆಂದು ಹೇಳಲಾರೆ, ನೋವು ಕಡಿಮೆಯಾದೀತು, ಗುಳಿಗೆ ಮಾತ್ರ ಬಿಡುವಂತಿಲ್ಲ ಎಂದೆ. ಊರಿಗೆ ಹೋದರು. ವಾರ ಕಳೆದು ಬಂದು, "ಕಳೆ ತಗಿಯಾಕ ಆಗವಲ್ದು, ಹಾಕ್ರಿ" ಎಂದರು. ಗುಳಿಗೆ ಬಿಡಲಿಲ್ಲ. ಆಕೆಯ ಹೆಬ್ಬೆಟ್ಟಿನ ಮೇಲೆ ನನಗೆ ಇರುವಷ್ಟು ನಂಬಿಕೆ ಬೇರೆ ಯಾವ ಸಹಿಯ ಮೇಲೂ ಇಲ್ಲ.

ಎಲ್ಲರಿಗೂ ಒಂದು ವಾರ ಕೊಡಲಾಗದು. ಹಾಗಾದರೆ ಈ ಮಾತುಕತೆ ಹುಬ್ಬಳ್ಳಿಗೆ ಹೋಗುವ ಮೊದಲೇ, ಕಲಘಟಗಿಯಲ್ಲೋ ಅಣ್ಣಿಗೇರಿಯಲ್ಲೋ, ಸಮುದಾಯ ಆರೋಗ್ಯ ಅಧಿಕಾರಿಯ ಎದುರು, ಮನೆಯ ಹೆಂಗಸರೂ ಕೂತಿರುವಾಗ ಆಗಬಹುದೇ? ಅದನ್ನು ಯಾರು ಮಾಡಬೇಕು, ಅವರಿಗೆ ಕಲಿಸುವವರು ಯಾರು, ಅಲ್ಲಿ "ಬ್ಯಾಡ" ಎಂದವನಿಗೆ ಗುಳಿಗೆ ತಪ್ಪದೆ ಸಿಗುವಂತೆ ನೋಡಿಕೊಳ್ಳುವವರು ಯಾರು? ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ತಾಲ್ಲೂಕು ವೈದ್ಯರು ಮಾತಾಡುವ ಮೊದಲ ಗೋಷ್ಠಿ ಬೇರೆಲ್ಲವನ್ನೂ ಬದಿಗಿಟ್ಟು ಇದನ್ನೇ ಎತ್ತಿಕೊಳ್ಳಲಿ ಎಂದು ಸಂಘಟಕರನ್ನು ಕೇಳಿಕೊಳ್ಳುತ್ತೇನೆ. ನಾನು ಸಂಜೆಯವರೆಗೂ ಇಲ್ಲೇ ಕೂತು ಕೇಳುತ್ತೇನೆ.